ಮಳೆಗಾಲಕ್ಕೆ ಹನ್ನೊಂದು ಗ್ರಾಂ

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ದಾಸ ಕತ್ತಿ ನಿಲ್ಲಿಸಿ, ಬೆಂಕಿಯ ಮಡಕೆ ಯಾರ ಕೈಗೆ ಕೊಡುವುದೆಂದು ಈಗಲೇ ಹೇಳಿಬಿಡಿ ಎಂದ. ಅಂಗಳದಲ್ಲಿದ್ದ ಏಳೆಂಟು ಗಂಡಸರು ಗುರುದತ್ತನ ಮುಖ ನೋಡಿದರು.

ಗುರುದತ್ತ ಸತ್ತವರ ಅಳಿಯ. ಕುಮಟೆಯ ಹೈಸ್ಕೂಲೊಂದರಲ್ಲಿ ಗುಮಾಸ್ತ. ಹೆಂಡತಿ ಮಾಲಿನಿಯೊಡನೆ ಎಂಟೂವರೆಗೆಲ್ಲ ಹೆಬಳೆಗೆ ಬಂದಿದ್ದ. ಬಂದಮೇಲೆ ಮೂರು ಸಲ ದಿನಕರನಿಗೆ ಫೋನು ಮಾಡಿದ್ದ. ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಮಾಡಿದ ಮೊದಲ ಫೋನನ್ನು ಮಾತ್ರ ದಿನಕರ ಎತ್ತಿದ್ದ. ಅಪ್ಪ ಹೋದ ಸುದ್ದಿ ಕೇಳಿ, "ನೋಡ್ತೆ ಭಾವ" ಎಂದಷ್ಟೇ ಹೇಳಿ ಇಟ್ಟಿದ್ದ.

"ಅಂವ ಬರೂದಿಲ್ಲ ಅಂದ್ರೆ ನಾನೇ ಹಿಡೀತೆ" ಎಂದ ಗುರುದತ್ತ.

"ಮಗ ಹೊನ್ನಾವರದಲ್ಲಿ ಜೀವಂತ ಇರೂವಾಗ ಅಳಿಯ ಎಂತಕ್ಕೆ ಹಿಡೂದು?" ದಾಸ ಮತ್ತೆ ಕತ್ತಿ ಎತ್ತಿಕೊಂಡ. "ಹನ್ನೆರಡರವರೆಗೆ ಕಾಯ್ವ."

ಲಿಂಗಪ್ಪ ನಾಯ್ಕರಿಗೆ ಅರವತ್ತೆಂಟಾಗಿತ್ತು. ಮಲ್ಲಿಗೆ ಮೊಗ್ಗು ಕೊಯ್ಯಲು ಬುಟ್ಟಿ ತೆಗೆದಿರಿಸಿ, ಹೆಂಡತಿ ಗಂಗಿ ಕೊಟ್ಟ ಚಾ ಕುಡಿದು, ಜಗಲಿಯ ಕಂಬಕ್ಕೆ ಒರಗಿದವರು ಹಾಗೇ ಹೋಗಿಬಿಟ್ಟಿದ್ದರು. ಗಂಗಿ ಲೋಟ ತೆಗೆದುಕೊಳ್ಳಲು ಬಂದಾಗ ಅದು ಅವರ ಮಡಿಲಲ್ಲೇ ಇತ್ತು. ಊರಿನವರ ಪಾಲಿಗೆ ಅವರು ಬೊಂಬಾಯಿಯ ಆಸ್ಪತ್ರೆಯಲ್ಲಿ ಬಾಟ್ಲಿ ತೊಳೆಯುವ ಕೆಲಸ ಮಾಡಿ, ಪಿಂಚಣಿ ತೆಗೆದುಕೊಂಡು ಬಂದು, ಮನೆಯ ಹಿಂದೆ ನಲವತ್ತು ಮಲ್ಲಿಗೆ ಗಿಡ ಸಾಕಿಕೊಂಡ ಮನುಷ್ಯ. ದೊಡ್ಡ ಮಾತಿನವರಲ್ಲ. ಯಾರಾದರೂ ಸಸಿ ಕೇಳಿದರೆ ಟಿಸಿಲು ಮುರಿದುಕೊಟ್ಟು, ಅದನ್ನು ನೆಡುವ ರೀತಿಯನ್ನು ಎರಡೆರಡು ಸಲ ಹೇಳಿ ಕಳಿಸುತ್ತಿದ್ದರು.

ಅವರ ಒಬ್ಬನೇ ಮಗ ಮೂರು ವರ್ಷದಿಂದ ಮನೆಗೆ ಕಾಲಿಟ್ಟಿರಲಿಲ್ಲ. ಅಪ್ಪ ಹಟ ಮಾಡಿ ಮಗನ ನೌಕರಿ ಕಳೆದರು, ಆ ಸಿಟ್ಟಿಗೆ ಮಗ ಮನೆ ಬಿಟ್ಟ, ಈಗ ಹೊನ್ನಾವರದಲ್ಲಿ ಟೆಂಪೋ ಓಡಿಸುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಹನ್ನೊಂದರ ಸುಮಾರಿಗೆ ಹತ್ತಿಸೀರೆಯುಟ್ಟ ಮೂವತ್ತೈದರ ಹೆಂಗಸೊಬ್ಬಳು ಅಂಗಳಕ್ಕೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಜಗಲಿಗೆ ಹತ್ತಿ, ಹೆಣದ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಗುರುದತ್ತ ಆಕೆಯನ್ನು ಒಮ್ಮೆ ನೋಡಿದ್ದ. ಚೆನ್ನೈಯ ವಕೀಲೆ ಸುಪ್ರಿಯಾ. ಹುಟ್ಟೂರು ಕುಮಟೆ, ತಾಯಿಯನ್ನು ನೋಡಲು ಬಂದವಳಿಗೆ ಮಾಲಿನಿ ಬೆಳಿಗ್ಗೆ ಸುದ್ದಿ ಮುಟ್ಟಿಸಿದ್ದಳು.

ಗಂಗಿ ತಲೆ ಎತ್ತಿ ಆಕೆಯನ್ನು ಗುರುತಿಸಿದರು. ಸೆರಗು ಎಳೆದುಕೊಂಡು ಗೋಡೆಯ ಕಡೆಗೆ ತಿರುಗಿದರು.

*

ಬೊಂಬಾಯಿಯ ಆ ಆಸ್ಪತ್ರೆಯಲ್ಲಿ ಲಿಂಗಪ್ಪ ಹದಿನಾರು ವರ್ಷ ಒಬ್ಬ ಮರಾಠಿ ಡಾಕ್ಟರಮ್ಮನ ಕೈಕೆಳಗೆ ಕೆಲಸ ಮಾಡಿದ್ದರು. ಎಲ್ಲರೂ ಆಕೆಯನ್ನು ಡಾಕ್ಟರ್‌ಬಾಯಿ ಎನ್ನುತ್ತಿದ್ದರು. ಮೂತ್ರಕೋಶದ ಕ್ಯಾನ್ಸರಿನವರಿಗೆ ಆಕೆ ಒಂದು ಔಷಧ ತಯಾರಿಸುತ್ತಿದ್ದಳು. ಕ್ಷಯದ ಲಸಿಕೆಯಲ್ಲಿರುತ್ತದಲ್ಲ, ಆ ಬಲಗುಂದಿಸಿದ ರೋಗಾಣುವನ್ನೇ ಮೂತ್ರಕೋಶದೊಳಗೆ ಬಿಡುವುದು. ಮೈಯ ಕಾವಲು ಶಕ್ತಿ ಎಚ್ಚೆತ್ತು ರೋಗಾಣುವಿನ ಮೇಲೆ ಬೀಳುವಾಗ ಕ್ಯಾನ್ಸರಿನ ಮೇಲೂ ಬೀಳುತ್ತದೆ. ಲಿಂಗಪ್ಪನಿಗೆ ಆಕೆ ಅದನ್ನು ಹೀಗೆ ತಿಳಿಸಿದ್ದಳು: ಮನೆಗೆ ಬೆಕ್ಕು ಬಂತೆಂದು ನಾಯಿ ಬೊಗಳಿ ಎದ್ದರೆ, ಅಟ್ಟದಲ್ಲಿ ಅಡಗಿದ ಕಳ್ಳನೂ ಸಿಕ್ಕಿಬೀಳುತ್ತಾನೆ.

ತೊಂದರೆ ಒಂದೇ. ರೋಗಾಣು ಬದುಕಿರಬೇಕು. ಒಣಗಿಸಿ ಪುಡಿ ಮಾಡಿ ಬಾಟ್ಲಿಗೆ ತುಂಬಿದರೂ ಫ್ರಿಜ್ಜಿನಿಂದ ಹೊರಗಿಟ್ಟ ಒಂದೇ ದಿನಕ್ಕೆ ಸತ್ತುಹೋಗುತ್ತಿತ್ತು. ಸೋಲಾಪುರ, ಬೀಡದಂಥ ಊರುಗಳಿಂದ ಬಂದವರು ಔಷಧವನ್ನು ಮನೆಗೆ ಒಯ್ಯುವಂತಿರಲಿಲ್ಲ. ಎಂಬತ್ತನಾಲ್ಕರ ಮೇ ತಿಂಗಳಲ್ಲಿ ಒಂದು ಇಡೀ ದಿನ ಕರೆಂಟು ಹೋಗಿ ನೂರಾಹತ್ತು ಬಾಟ್ಲಿ ಹಾಳಾದವು. ಡಾಕ್ಟರ್‌ಬಾಯಿ ಸ್ಟೂಲಿನ ಮೇಲೆ ತಲೆಗೆ ಕೈಹೊತ್ತು ಕೂತಿದ್ದಳು. ಬಾಟ್ಲಿಗಳನ್ನು ತೊಳೆಯಲು ಎತ್ತಿಕೊಳ್ಳುತ್ತಿದ್ದ ಲಿಂಗಪ್ಪ, ತಮ್ಮ ಊರಿನಲ್ಲಿ ಮಾವಿನ ರಸಕ್ಕೆ ಬೆಲ್ಲ ಬೆರೆಸಿ ಚಾಪೆಯ ಮೇಲೆ ಒಣಗಿಸಿಟ್ಟರೆ ಮುಂದಿನ ವರ್ಷದವರೆಗೂ ಕೆಡುವುದಿಲ್ಲ ಎಂದರು. ಆಕೆ ನಕ್ಕಳು. ಮರುದಿನ ಬಂದು, ಬೆಲ್ಲ ಬೇಡ, ಸಕ್ಕರೆ ತಾ ಎಂದಳು.

ಎಂಟು ತಿಂಗಳು ಅದೇ ಆಯಿತು. ಎಷ್ಟು ಸಕ್ಕರೆ, ಯಾವಾಗ ಹಾಕುವುದು, ಎಷ್ಟು ನಿಧಾನ ಒಣಗಿಸುವುದು ಎಂದು ತೂಗಿ, ಹಾಕಿ, ಒಣಗಿಸಿ, ಸತ್ತದ್ದನ್ನು ಚೆಲ್ಲಿ, ಮತ್ತೆ ತೂಗಿದರು. ಕಡೆಗೆ ನೂರು ಮಿಲಿಗೆ ಹತ್ತು ಗ್ರಾಂ ಎಂದು ನಿಂತಿತು. ಹಾಗೆ ಮಾಡಿದ ಬಾಟ್ಲಿ ಹೊರಗೇ ಇಟ್ಟರೂ ತಿಂಗಳು ತಾಳುತ್ತಿತ್ತು. ಡಾಕ್ಟರ್‌ಬಾಯಿ ಅದನ್ನೆಲ್ಲೂ ಬರೆದು ಪ್ರಕಟಿಸಲಿಲ್ಲ. ಬರೆಯುತ್ತೇನೆ ಎನ್ನುತ್ತಲೇ ಏಳು ವರ್ಷ ರೋಗಿಗಳನ್ನು ನೋಡಿದಳು. ಮತ್ತೆ ಅವಳೇ ತೀರಿಕೊಂಡಳು. ಆಮೇಲೂ ಮೂರು ವರ್ಷ, ಪ್ರಯೋಗಾಲಯ ಮುಚ್ಚುವವರೆಗೆ, ಲಿಂಗಪ್ಪ ಆ ಔಷಧವನ್ನು ಬೆರೆಸುತ್ತಿದ್ದರು.

*

"ಸಕ್ಕರೆ ಎಲ್ಲಿಂದ ಅಂತ ಗೊತ್ತದ್ಯಾ?" ದಾಸ ಅಂಗಳದಲ್ಲಿ ಚಟ್ಟಕ್ಕೆ ಹಗ್ಗ ಬಿಗಿಯುತ್ತ ಸುಪ್ರಿಯಾಳಿಗೆ ಹೇಳುತ್ತಿದ್ದ. ಅವನೂ ಅದೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಾ ಮಾಡುತ್ತಿದ್ದವನು. "ನನ್ನ ಡಬ್ಬಿಂದ. ಸೋಮವಾರ ಸೋಮವಾರ ಬಂದು ಒಯ್ತಿದ್ದ. ಚಾ ಸಪ್ಪೆ ಅಂತ ಜನ ನಂಗೆ ಬೈಯೂದು. ಲಿಂಗಪ್ಪನ ಔಷಧಿಗೆ ಹೋತು, ಕುಡೀರಿ ಅಂತಿದ್ದೆ ನಾನು."

ಸುಪ್ರಿಯಾಳಿಗೆ ಅದು ಗೊತ್ತಿತ್ತು. ಚೆನ್ನೈಯ ಕಡತದಲ್ಲಿ ದಾಸನ ಡಬ್ಬಿಯೂ ದಾಖಲಾಗಿತ್ತು.

ಹನ್ನೆರಡಾಯಿತು. ಅರ್ಧ ಗಂಟೆ ಇನ್ನೂ ಕಾದರು. ಬಿಸಿಲು ಜಗಲಿಯ ಅಂಚಿಗೆ ಬಂತು. ಹೆಣಕ್ಕೆ ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಆ ಬೆಳಿಗ್ಗೆ ಕೊಯ್ಯದೆ ಉಳಿದು ಗಿಡದಲ್ಲೇ ಅರಳಿದ್ದ ಮಲ್ಲಿಗೆಯನ್ನು ಹಾಕಿದ್ದರು. ಇನ್ನು ಇಡುವಂತಿಲ್ಲ ಎಂದು ಹಿರಿಯರೊಬ್ಬರು ಹೇಳಿದಾಗ ಗುರುದತ್ತ ಅಂಗಿ ತೆಗೆದು ಬಾವಿಕಟ್ಟೆಗೆ ಹೋದ. ಒಂದು ಕೊಡ ನೀರು ತಲೆಗೆ ಸುರಿದುಕೊಂಡು ಒದ್ದೆ ಬಟ್ಟೆಯಲ್ಲೇ ಬರುವಷ್ಟರಲ್ಲಿ ದಿನಕರ ಅಂಗಳದ ಅಂಚಿನಲ್ಲಿ ನಿಂತಿದ್ದ.

"ಲೋಡು ಇತ್ತು. ಈಗ ಬಂದೆ" ಎಂದ.

ದಿನಕರನ ಕಣ್ಣು ಜಗಲಿಯ ಮೇಲಿದ್ದ ಅಪ್ಪನನ್ನು ದಾಟಿ, ಕಂಬದ ಬಳಿ ಕೂತಿದ್ದ ಸುಪ್ರಿಯಾಳ ಮೇಲೆ ಬಿತ್ತು. ಅವನ ಮುಖ ಕಪ್ಪಿಟ್ಟಿತು.

*

ಸುಪ್ರಿಯಾ ಮೊದಲ ಸಲ ಈ ಮನೆಗೆ ಬಂದದ್ದು ಎರಡು ಸಾವಿರದ ಐದರ ನವೆಂಬರಿನಲ್ಲಿ. ಚೆನ್ನೈಯಲ್ಲಿ ಕ್ಯಾನ್ಸರ್ ರೋಗಿಗಳ ಸಂಘವೊಂದರ ಪರವಾಗಿ ಆಕೆ ಕೆಲಸ ಮಾಡುತ್ತಿದ್ದಳು. ಹೊರದೇಶದ ಒಂದು ಕಂಪನಿ ಅದೇ ಔಷಧಕ್ಕೆ, ಅದೇ ಸಕ್ಕರೆಯ ವಿಧಾನಕ್ಕೆ, ತನ್ನ ಹೊಸ ಶೋಧನೆಯೆಂದು ಪೇಟೆಂಟ್ ಕೇಳಿ ಅರ್ಜಿ ಹಾಕಿತ್ತು. ಸಿಕ್ಕಿದರೆ ಇಪ್ಪತ್ತು ವರ್ಷ ಬೇರೆ ಯಾರೂ ಅದನ್ನು ಮಾಡುವಂತಿಲ್ಲ. ಕಂಪನಿಯ ಒಂದು ಬಾಟ್ಲಿಯ ಬೆಲೆ ಕೂಲಿಯವರ ಎರಡು ತಿಂಗಳ ದುಡಿಮೆ. ಆದರೆ ಅರ್ಜಿಗೂ ಮೊದಲೇ ಈ ದೇಶದಲ್ಲಿ ಬಹಿರಂಗವಾಗಿ ಬಳಕೆಯಲ್ಲಿದ್ದದ್ದು ಎಂದು ತೋರಿಸಿದರೆ ಪೇಟೆಂಟ್ ಕೊಡುವಂತಿಲ್ಲ. ಡಾಕ್ಟರ್‌ಬಾಯಿ ಇರಲಿಲ್ಲ, ಬರಹ ಇರಲಿಲ್ಲ. ಆಸ್ಪತ್ರೆಯ ಹಳೆಯ ನೌಕರರ ಪಟ್ಟಿಯಲ್ಲಿ ಹೆಬಳೆಯ ಒಂದು ವಿಳಾಸ ಮಾತ್ರ ಇತ್ತು.

ಲಿಂಗಪ್ಪ ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದರು. ಬರೆದು ಸಹಿ ಮಾಡಿಕೊಡುತ್ತೀರಾ ಎಂದು ಕೇಳಿದಾಗ, ಆದದ್ದನ್ನು ಆಯಿತು ಎನ್ನಲು ಎಂತ ಅಡ್ಡಿ ಎಂದರು.

ಆ ಹೇಳಿಕೆ ಕಂಪನಿಯ ಕೈಸೇರಿದ ತಿಂಗಳಿಗೆ ಅವರ ಕಡೆಯವನೊಬ್ಬ ಬಂದ. ಕಾರಿನಲ್ಲಿ ಬಂದವನು ಒಳ್ಳೆಯ ಮಾತಿನವನು. ಡಾಕ್ಟರ್‌ಬಾಯಿ ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಯೋಗ ಮಾಡುತ್ತಿದ್ದಳು, ಹೊರಗಿನವರಿಗೆ ಏನೂ ತಿಳಿದಿರಲಿಲ್ಲ ಎಂದು ಲಿಂಗಪ್ಪ ಇನ್ನೊಂದು ಕಾಗದಕ್ಕೆ ಸಹಿ ಹಾಕಿದರೆ ಸಾಕಿತ್ತು. ದಿನಕರ ಐಟಿಐ ಮುಗಿಸಿ ಏಳು ವರ್ಷದಿಂದ ಕಂಡಕಂಡ ಕಡೆ ಅರ್ಜಿ ಹಾಕುತ್ತಿದ್ದ. ಗೋವೆಯಲ್ಲಿ ಕಂಪನಿಯ ಕಾರ್ಖಾನೆ ಇತ್ತು. ಸಹಿಗೆ ಬದಲಾಗಿ ಅಲ್ಲಿ ದಿನಕರನಿಗೆ ಕಾಯಂ ಕೆಲಸ.

ಎರಡು ವಾರ ಅಪ್ಪ ಮಗ ಅದನ್ನೇ ಆಡಿದರು. ಗಂಗಿ ಮಗನ ಕಡೆಗಿದ್ದರು. ಸತ್ತುಹೋದ ಡಾಕ್ಟರ್‌ಬಾಯಿಗೆ ಬಾಗಿಲು ಹಾಕಿದ್ದರೇನು, ತೆರೆದಿದ್ದರೇನು ಎಂದು ಕೇಳಿದರು.

"ಬಾಗಿಲಿಗೆ ಚಿಲಕವೇ ಇರಲಿಲ್ಲ ಗಂಗೀ" ಎಂದರು ಲಿಂಗಪ್ಪ.

ದಿನಕರ ಅಂದೇ ಬಟ್ಟೆ ಚೀಲ ತೆಗೆದುಕೊಂಡು ಹೋದ.

*

ಚೆನ್ನೈಯ ಪೇಟೆಂಟ್ ಕಚೇರಿಯಲ್ಲಿ ವಿಚಾರಣೆ ನಡೆದದ್ದು ಮರುವರ್ಷದ ಜುಲೈಯಲ್ಲಿ. ಲಿಂಗಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮಂಗಳೂರು ಮಾರ್ಗವಾಗಿ ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕೂತು ಹೋಗಿದ್ದರು. ಕನ್ನಡ ಬಲ್ಲ ಗುಮಾಸ್ತರೊಬ್ಬರು ಅವರ ಮಾತನ್ನು ಇಂಗ್ಲಿಷಿಗೆ ಹೇಳುತ್ತಿದ್ದರು.

ಕಂಪನಿಯ ವಕೀಲ ಮೊದಲಿಗೆ, ಈ ಔಷಧದ ಸಂಗತಿ ಯಾರುಯಾರಿಗೆ ಗೊತ್ತಿತ್ತು ಎಂದು ಕೇಳಿದ. ಲಿಂಗಪ್ಪ ಬೆರಳು ಮಡಚತೊಡಗಿದರು. ವಾರ್ಡಿನ ಸಿಸ್ಟರುಗಳು. ಕಸ ಗುಡಿಸುವವಳು. ಕ್ಯಾಂಟೀನಿನ ದಾಸ, ಅವನಿಂದಾಗಿ ಚಾ ಕುಡಿಯುವವರೆಲ್ಲ. ಬಾಟ್ಲಿಯನ್ನು ಊರಿಗೆ ಒಯ್ಯುವವರ ಮನೆಯವರಿಗೆ ಅದು ಹೇಗೆ ತಾಳುತ್ತದೆಂದು ತಾವೇ ಹೇಳಿಕೊಡುತ್ತಿದ್ದರು. ಬೇರೆ ಎರಡು ಆಸ್ಪತ್ರೆಯ ಹುಡುಗರು ಬಂದು ಕಲಿತುಹೋಗಿದ್ದರು. ಹತ್ತು ಬೆರಳು ಮುಗಿದು ಮತ್ತೆ ಮೊದಲಿನಿಂದ ಹಿಡಿದಾಗ ವಕೀಲ ಸಾಕೆಂದ.

ಆಮೇಲೆ ಅವನು ಇನ್ನೊಂದು ಕಾಗದ ತೆಗೆದ. ಅದು ದಿನಕರ ಲಿಂಗಪ್ಪ ನಾಯ್ಕ ಎಂಬವರು ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್. ನನ್ನ ತಂದೆಗೆ ಕೆಲವು ವರ್ಷಗಳಿಂದ ಮರೆವು ಹಿಡಿದಿದೆ. ನಡೆಯದ್ದನ್ನು ನಡೆಯಿತು ಎನ್ನುತ್ತಾರೆ. ಅವರ ಬುದ್ಧಿ ಸ್ಥಿಮಿತದಲ್ಲಿಲ್ಲ.

ಸುಪ್ರಿಯಾ ಎದ್ದು ನಿಂತಳು. ಆ ಕಾಗದದ ಹಿಂದೆ ಯಾವ ಆಮಿಷ ಇತ್ತೆಂದು ಆಕೆಗೆ ಗೊತ್ತಿತ್ತು. ಅದನ್ನು ಅಲ್ಲೇ ಹೇಳಿಬಿಟ್ಟರೆ ಕಂಪನಿಯ ಮಾನ ಹೋಗುತ್ತಿತ್ತು. ಸುಳ್ಳು ಪ್ರಮಾಣಕ್ಕೆ ದಿನಕರನ ಮೇಲೆ ಕೇಸೂ ಆಗುತ್ತಿತ್ತು. ಲಿಂಗಪ್ಪ ಕೈ ತೋರಿಸಿ ಆಕೆಯನ್ನು ಕೂರಿಸಿದರು. ಕಾಗದವನ್ನು ತಮ್ಮ ಕೈಗೆ ತೆಗೆದುಕೊಂಡು, ಮಗನ ಸಹಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದರು.

"ಮಗ ಸುಳ್ಳು ಬರೀಲಿಲ್ಲ ಸಾಹೇಬ್ರೆ" ಎಂದರು. "ನಂಗೆ ಮರೆವು ಅದೆ. ನಿನ್ನೆ ಉಂಡದ್ದು ಮರೀತೆ. ಅಂವ ಸಣ್ಣಕ್ಕಿರೂವಾಗ ನಾನು ಬೊಂಬಾಯಲ್ಲಿದ್ದೆ, ಅಲ್ಲಿ ಎಂತ ಮಾಡ್ತಿದ್ದೆ ಅಂತ ಅಂವಂಗೆ ಯಾವತ್ತೂ ಹೇಳಲಿಲ್ಲ. ಅಂವಂಗೆ ಹ್ಯಾಂಗೆ ತಿಳೀಬೇಕು? ಆದ್ರೆ ಕೈಯಲ್ಲಿ ಮಾಡಿದ್ದು ಮರೂದಿಲ್ಲ. ನೂರು ಮಿಲಿಗೆ ಹತ್ತು ಗ್ರಾಂ. ಮಳೆಗಾಲಕ್ಕೆ ಹನ್ನೊಂದು."

ಅಷ್ಟು ಹೊತ್ತು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟರು. ಮಳೆಗಾಲಕ್ಕೆ ಹನ್ನೊಂದು ಯಾಕೆ ಎಂದು ಅವರೇ ಕೇಳಿದರು.

"ಮಳೆಗಾಲದಲ್ಲಿ ಸಕ್ಕರೆ ನೀರು ಕುಡಿತದೆ. ತೂಕಕ್ಕೆ ಹತ್ತು ಅಂದ್ರೂ ಒಳಗೆ ಸಕ್ಕರೆ ಒಂಬತ್ತೇ ಇರ್ತದೆ. ಮೊದಲ ವರ್ಷ ಜೂನಲ್ಲಿ ನಲವತ್ತು ಬಾಟ್ಲಿ ಹಾಳಾತು. ಆವಾಗ ತಿಳೀತು."

ಅಧಿಕಾರಿ ವಕೀಲನ ಕಡೆಗೆ ನೋಡಿದರು. ಕಂಪನಿಯ ಅರ್ಜಿಯ ಎಂಬತ್ತು ಪುಟಗಳಲ್ಲಿ ಆ ಮಾತು ಎಲ್ಲೂ ಇರಲಿಲ್ಲ.

ಹೊರಗೆ ಬಂದಮೇಲೆ ಲಿಂಗಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸುಪ್ರಿಯಾ ನೀರು ತಂದುಕೊಟ್ಟಳು. ಅವರು ಅದನ್ನು ಕುಡಿಯದೆ ಪಕ್ಕದಲ್ಲಿಟ್ಟರು.

"ತಂಗಿ, ಈ ಕಾಗದದ ಸುದ್ದಿ ನಮ್ಮ ಊರಿಗೆ ಬರೂದು ಬೇಡ. ಗಂಗಿಗೂ ಬೇಡ. ಅವ್ಳಿಗೆ ಇರೂದು ಒಬ್ಬನೇ ಮಗ."

ಮುಂದಿನ ವರ್ಷ ಅರ್ಜಿ ತಿರಸ್ಕಾರವಾಯಿತು. ಹೈದರಾಬಾದಿನ ಒಂದು ಸಣ್ಣ ಕಾರ್ಖಾನೆ ಅದೇ ಔಷಧವನ್ನು ಆರರಲ್ಲೊಂದು ಪಾಲು ಬೆಲೆಗೆ ಮಾಡಿ ಮಾರತೊಡಗಿತು. ಸುಪ್ರಿಯಾ ಫೋನು ಮಾಡಿ ಹೇಳಿದಾಗ ಲಿಂಗಪ್ಪ ಕೇಳಿದ್ದು ಒಂದೇ: ಮಳೆಗಾಲದ ಲೆಕ್ಕ ಅವರಿಗೆ ತಿಳಿಸಿದ್ದೀಯಲ್ಲ? ಕಂಪನಿಗೆ ದಿನಕರನಿಂದ ಆಗಬೇಕಿದ್ದದ್ದು ಆಗಲೇ ಮುಗಿದಿತ್ತು. ಗೋವೆಯಿಂದ ಅವನಿಗೆ ಯಾವ ಕಾಗದವೂ ಬರಲಿಲ್ಲ.

*

"ಮೂರು ವರ್ಷ" ಎಂದ ಗುರುದತ್ತ. ಒದ್ದೆ ಪಂಚೆಯಿಂದ ನೀರು ಅವನ ಕಾಲಿನ ಸುತ್ತ ಇಳಿಯುತ್ತಿತ್ತು. "ಒಂದು ನೌಕರಿಗೆ ಮೂರು ವರ್ಷದ ಸಿಟ್ಟಾ ದಿನಕರ? ಮುದುಕ ಮನುಷ್ಯ ನಿಂಗೆ ಎಂತ ಮಾಡಿದ್ದ?"

ದಿನಕರ ಸುಪ್ರಿಯಾಳನ್ನು ನೋಡಿದ. ಆಕೆ ತಲೆ ತಗ್ಗಿಸಿದಳು. ಆ ಕಾಗದದ ಸುದ್ದಿ ಆಕೆಯ ಬಾಯಿಂದ ಬರುವುದಿಲ್ಲ ಎಂಬುದು ಅವನಿಗೆ ತಿಳಿಯುವಂತಿತ್ತು. ಬೇಕಿದ್ದರೆ ಅವನು ಸುಮ್ಮನಿರಬಹುದಿತ್ತು. ಸಿಟ್ಟಿನ ಮಗ ಎಂಬ ಹೆಸರು ಅಷ್ಟೇನೂ ಕೆಟ್ಟದ್ದಲ್ಲ.

"ನಂಗೆ ಅಪ್ಪನ ಮೇಲೆ ಸಿಟ್ಟಿರಲಿಲ್ಲ ಭಾವ" ಎಂದ. "ಅಪ್ಪಂಗೆ ತಲೆ ಸರಿ ಇಲ್ಲ ಅಂತ ಕೋರ್ಟಿಗೆ ಬರೆದುಕೊಟ್ಟೆ. ಕಂಪನಿಯವರು ಹೇಳಿದ್ರು, ನಾನು ಬರೆದೆ. ಅಪ್ಪನ ಎದುರಿಗೇ ಅದನ್ನ ಓದಿದ್ರಂತೆ. ಯಾವ ಮುಖ ಇಟ್ಕಂಡು ಬರೂದು?"

ಮಾಲಿನಿಯ ಅಳು ನಿಂತಿತು. ದಾಸ ಕೈಯಲ್ಲಿದ್ದ ಹಗ್ಗದ ತುಂಡನ್ನು ಸುಮ್ಮನೆ ಸುತ್ತುತ್ತಿದ್ದ. ಗಂಗಿ ಗೋಡೆ ಹಿಡಿದು ಎದ್ದರು. ಜಗಲಿಯಿಂದ ಇಳಿದು ಬಂದು ಮಗನ ಎದುರಿಗೆ ನಿಂತು, ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹೊಡೆಯುತ್ತಾರೆಂದು ಎಲ್ಲರೂ ಎಣಿಸಿದರು.

"ಬಾವಿಕಟ್ಟೆಗೆ ಹೋಗಿ ಮಿಂದು ಬಾ" ಎಂದರು. "ಹೊತ್ತಾತು."

ದಿನಕರ ಮಿಂದು ಬಂದ. ಮಡಕೆಯನ್ನು ಗುರುದತ್ತನೇ ಅವನ ಕೈಗೆ ಕೊಟ್ಟ. ನಾಲ್ವರು ಚಟ್ಟ ಎತ್ತಿದರು. ಹೊಳೆಬದಿಯ ಸುಡುಗಾಡಿಗೆ ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಸಾಗಿ, ತೆಂಗಿನ ಮರಗಳ ಆಚೆಗೆ ಕಾಣದಾದರು.

ಹೆಂಗಸರು ಮಾತ್ರ ಉಳಿದರು. ಮಾಲಿನಿ ಜಗಲಿಗೆ ನೀರು ಹಾಕಿ ತೊಳೆಯತೊಡಗಿದಳು. ಗಂಗಿ ಬಂದು ಸುಪ್ರಿಯಾಳ ಪಕ್ಕದಲ್ಲಿ ಕೂತರು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಬೇಡ ಅಂದಿದ್ರು."

ಗಂಗಿ ಅಂಗಳದ ಕಡೆಗೆ ಮುಖ ತಿರುಗಿಸಿದರು. ಆಡಿದ ಮಾತು ಸುಪ್ರಿಯಾಳಿಗೆ ಹೇಳಿದಂತಿರಲಿಲ್ಲ.

"ಮೂರು ವರ್ಷ ನಾನು ಅವ್ರಿಗೆ ಬೈದೆ. ಚಾ ಕೊಡೂವಾಗ ಬೈದೆ, ಉಂಬಾಗ ಬೈದೆ. ನಿಮ್ಮ ಹಟಕ್ಕೆ ಮಗನ್ನ ಓಡಿಸಿದ್ರಿ, ಯಾವುದೋ ಊರಿನ ಜನರಿಗಾಗಿ ಮನೆ ಮುರಿದ್ರಿ ಅಂತ. ಇವತ್ತು ಬೆಳಗಾತೂ ಬೈದೆ. ಹೌದು ಅಂತ ಹೇಳಿ ಲೋಟ ತಕಂಡ್ರು. ಒಂದು ದಿನವಾದ್ರೂ ತಿರುಗಿ ಹೇಳಬಹುದಿತ್ತು."

ಸುಪ್ರಿಯಾ ಅವರ ಕೈ ಹಿಡಿದುಕೊಂಡಳು. ಗಂಗಿ ಬಿಡಿಸಿಕೊಳ್ಳಲಿಲ್ಲ. ಆಮೇಲೆ, ಚೆನ್ನೈಯಲ್ಲಿ ಅವರು ಏನೇನು ಹೇಳಿದರು, ಮೊದಲಿಂದ ಹೇಳು ಎಂದರು. ಸುಪ್ರಿಯಾ ಹೇಳಿದಳು. ಮಳೆಗಾಲದ ಸಕ್ಕರೆಯ ಮಾತು ಬಂದಾಗ ಗಂಗಿ ಅದನ್ನು ಇನ್ನೊಂದು ಸಲ ಹೇಳಿಸಿದರು.

ಗಂಡಸರು ಮರಳಿ ಮಿಂದು ಕೂತಾಗ ಮೂರೂವರೆ. ನೆರೆಮನೆಯಿಂದ ಗಂಜಿ ಬಂದಿತ್ತು. ಸುಪ್ರಿಯಾ ಕುಮಟೆಯ ಬಸ್ಸಿಗೆ ಹೊರಟಳು. ಮಾಲಿನಿ ರಸ್ತೆಯವರೆಗೆ ಜೊತೆಗೆ ಬಂದಳು.

ಬಸ್ಸು ನಿಲ್ಲುವಲ್ಲಿ ಲಕ್ಕಿಯ ಗೂಡಂಗಡಿ. ಅದರ ಎದುರಿನ ಮುಚ್ಚಿದ ಅಕ್ಕಿ ಗಿರಣಿಯ ಪಕ್ಕ, ರಸ್ತೆಗೆ ಕಾಣದ ಹಾಗೆ ಒಂದು ಟೆಂಪೋ ನಿಂತಿತ್ತು. ಅದು ತಮ್ಮನದೇ ಎಂದು ಮಾಲಿನಿಗೆ ಹಲಗೆಯ ಮೇಲಿನ ಹೆಸರಿನಿಂದ ತಿಳಿಯಿತು.

"ಒಂಬತ್ತಕ್ಕೆ ಬಂದು ನಿಂತದ್ದು ಅದು" ಎಂದಳು ಲಕ್ಕಿ. "ಸ್ಟೇರಿಂಗಿನ ಎದುರಿಗೇ ಕೂತಿದ್ದ. ಚಾ ಬೇಕಾ ಕೇಳಿದೆ, ಬೇಡ ಅಂದ."

ಮಾಲಿನಿ ಹತ್ತಿರ ಹೋಗಿ ನೋಡಿದಳು. ಬಂದರಿಗೆ ಒಯ್ಯುವ ಮಂಜುಗಡ್ಡೆಯ ಲೋಡು. ಮೇಲೆ ಹೊದೆಸಿದ್ದ ಗೋಣಿಗಳು ಹಲಗೆಗೆ ಅಂಟಿ ಚಪ್ಪಟೆ ಮಲಗಿದ್ದವು; ಒಂದು ಮೂಲೆಯಲ್ಲಿ ಮಾತ್ರ ತೆಂಗಿನಕಾಯಿಯಷ್ಟು ಗಾತ್ರದ ತುಂಡೊಂದು ಉಳಿದಿತ್ತು. ನೀರು ಗಿರಣಿಯ ಅಂಗಳವನ್ನು ದಾಟಿ, ಧೂಳಿನಲ್ಲಿ ಗೆರೆ ಕೊರೆದು, ತಗ್ಗಿನಲ್ಲಿದ್ದ ಅವರ ಮನೆಯ ಕಡೆಗೆ ಹರಿದು, ಅರ್ಧ ದಾರಿಯಲ್ಲಿ ಇಂಗಿಹೋಗಿತ್ತು.